ಹಿತ್ತಿಲ ಹಕ್ಕಿಗಳು: ನೋಡುವ, ಹೆಸರಿಸುವ, ಚಿತ್ರ ತೆಗೆಯುವ ಪಾಠ

ಈ ಸ್ಮರಣ ಸಂಚಿಕೆಗೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರು ಕಳುಹಿಸಿಕೊಟ್ಟ ಲೇಖನಗಳ ಜೊತೆಯಲ್ಲಿ ಹಕ್ಕಿಗಳ ಛಾಯಾಚಿತ್ರಗಳೂ ಬಹಳವಾಗಿ ಬಂದಿವೆ. ರಾಜಾಜಿನಗರದ ತಾರಸಿಯಿಂದ, ವಿಜಯನಗರದ ಮೂರನೆಯ ಅಂತಸ್ತಿನ ಬಾಲ್ಕನಿಯಿಂದ, ಬಸವೇಶ್ವರನಗರದ ಹಿತ್ತಿಲಿನಿಂದ, ಕೆಂಗೇರಿಯ ತೋಟದಿಂದ ತೆಗೆದ ಈ ಪಟಗಳನ್ನು ನೋಡಿ ನಮಗಾದ ಸಂತೋಷ ಅಷ್ಟಿಷ್ಟಲ್ಲ. ತರಗತಿಯ ಕಿಟಕಿಯಿಂದ ಹೊರಗೆ ನೋಡಿದುದಕ್ಕಾಗಿ ನಮ್ಮಿಂದ ಗದರಿಸಿಕೊಂಡ ಹುಡುಗಿಯರೇ ಇಂದು ತಮ್ಮ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಕ್ಕಿಗಳನ್ನು ನೋಡುತ್ತಿದ್ದಾರೆಂಬುದು ಯಾವ ಉಪಾಧ್ಯಾಯಿನಿಗೂ ಹಿತವಾದ ಸುದ್ದಿಯೇ ಸರಿ.

ಆದರೆ ಎರಡು ವಿಷಯಗಳನ್ನು ಅರಿಕೆ ಮಾಡಿಕೊಳ್ಳಬೇಕಾಗಿದೆ. ಬಂದ ಚಿತ್ರಗಳಲ್ಲಿ ಹಲವಕ್ಕೆ ಹಕ್ಕಿಯ ಹೆಸರನ್ನು ತಪ್ಪಾಗಿ ಬರೆಯಲಾಗಿತ್ತು; ಇದು ಮೊದಲನೆಯದು. ಎರಡನೆಯದೇನೆಂದರೆ, ಗೂಡಿನ ಚಿತ್ರಗಳಲ್ಲಿ ಒಂದನ್ನೂ, ಅದು ಎಷ್ಟೇ ಸೊಗಸಾಗಿದ್ದರೂ, ನಾವು ಅಚ್ಚಿಗೆ ಕೊಡಲಿಲ್ಲ. ಹೀಗೇಕೆಂದು ಕೆಲವರು ಸ್ವಲ್ಪ ಬೇಸರದಿಂದಲೇ ಕೇಳಿದ್ದಾರೆ. ಅವರಿಗೆ ಕಾರಣವನ್ನು ಹೇಳುವುದು ನಮ್ಮ ಕರ್ತವ್ಯ. ಅದನ್ನು ಈ ಪಾಠದ ಕಡೆಯ ಭಾಗಕ್ಕೆ ಇಟ್ಟುಕೊಂಡಿದ್ದೇವೆ. ಮೊದಲು ಹಕ್ಕಿಗಳನ್ನು ಮನೆಯ ಬಳಿಗೆ ಕರೆಯುವುದು ಹೇಗೆಂಬುದನ್ನು ನೋಡೋಣ.

೧. ಕರೆಯುವ ಬಗೆ

ಹಕ್ಕಿ ತಾನಾಗಿ ಬರುವಂತೆ ಮಾಡಬೇಕೇ ಹೊರತು ಅದರ ಬೆನ್ನಟ್ಟಿ ಹೋಗಬಾರದು. ಇದಕ್ಕೆ ಎಲ್ಲಕ್ಕಿಂತ ಸುಲಭವಾದ ಉಪಾಯವೆಂದರೆ ನೀರು. ಅಗಲವಾದ ಮಣ್ಣಿನ ತಟ್ಟೆಯೊಂದರಲ್ಲಿ ಎರಡು ಬೆರಳಿನಷ್ಟು ನೀರು ಹಾಕಿ, ಕಾಲೂರಲು ನಡುವೆ ಒಂದು ಒರಟು ಕಲ್ಲನ್ನಿಟ್ಟು, ಬೆಕ್ಕು ಹೊಂಚು ಹಾಕಲಾಗದ ಎತ್ತರದಲ್ಲಿ ಇರಿಸಿರಿ. ಮಾರ್ಚಿಯಿಂದ ಮೇ ತಿಂಗಳವರೆಗಿನ ಬೇಸಗೆಯಲ್ಲಿ ಕಾಳಿಗೆ ಬಾರದ ಹಕ್ಕಿಗಳೂ ನೀರಿಗೆ ಬರುವುವು. ನೀರನ್ನು ದಿನವೂ ಚೆಲ್ಲಿ, ತಟ್ಟೆಯನ್ನು ಉಜ್ಜಿ ತೊಳೆದು, ಹೊಸದಾಗಿ ತುಂಬತಕ್ಕದ್ದು. ನಿಂತ ನೀರಿನಲ್ಲಿ ಡೆಂಗಿ ಜ್ವರದ ಸೊಳ್ಳೆ ಹುಟ್ಟುತ್ತದೆ. ಕೊಳೆಯಾದ ತಟ್ಟೆಯಿಂದ ಒಂದು ಹಕ್ಕಿಯ ರೋಗ ಮತ್ತೊಂದಕ್ಕೆ ಅಂಟುತ್ತದೆ.

ಕಾಳು ತಿನ್ನುವ ಹಕ್ಕಿಗಳಿಗೆ ನವಣೆ, ಸಾಮೆ, ಸಜ್ಜೆ, ಅಕ್ಕಿಯ ನುಚ್ಚು ಒಳ್ಳೆಯದು. ಹಣ್ಣು ತಿನ್ನುವವಕ್ಕೆ ಬಾಳೆಹಣ್ಣು, ಪರಂಗಿಹಣ್ಣಿನ ಹೋಳುಗಳು ಸಾಕು. ಉಪ್ಪು ಹಾಕಿದ ಅನ್ನ, ಕರಿದ ತಿಂಡಿ, ಬಿಸ್ಕತ್ತು, ಹಾಲು ಇವು ಬೇಡ. ಒಂದು ಗಂಟೆಯಲ್ಲಿ ತಿಂದು ಮುಗಿಯುವಷ್ಟೇ ಇಡಬೇಕು. ಉಳಿದುದನ್ನು ಸಂಜೆ ತೆಗೆಯಬೇಕು.

ಇಲ್ಲಿ ಒಂದು ಎಚ್ಚರಿಕೆ. ತಾರಸಿಯ ಮೇಲೆ ಸೇರುಗಟ್ಟಲೆ ಜೋಳವನ್ನು ಎರಚುವುದನ್ನು ಕೆಲವರು ಪುಣ್ಯಕಾರ್ಯವೆಂದು ಭಾವಿಸುತ್ತಾರೆ. ಅದರಿಂದ ಬರುವುದು ಪಾರಿವಾಳಗಳ ಹಿಂಡೇ ಹೊರತು ಹಾಡುವ ಹಕ್ಕಿಗಳಲ್ಲ. ಪಾರಿವಾಳದ ಒಣಗಿದ ಹಿಕ್ಕೆಯ ಧೂಳನ್ನು ದೀರ್ಘಕಾಲ ಉಸಿರಾಡಿದವರಲ್ಲಿ ಕೆಲವರಿಗೆ ಶ್ವಾಸಕೋಶದ ಕಠಿನವಾದ ಕಾಯಿಲೆ ಬರುವುದನ್ನು ವೈದ್ಯರು ಕಂಡಿದ್ದಾರೆ. ಈ ಕಾರಣದಿಂದಲೇ ೨೦೨೫ರಲ್ಲಿ ಮುಂಬಯಿಯ ಕಬೂತರಖಾನೆಗಳನ್ನು ಮುಚ್ಚುವಂತೆ ಆಜ್ಞೆಯಾಯಿತು. ವೃದ್ಧರೂ ಉಬ್ಬಸದವರೂ ಇರುವ ಮನೆಗಳಲ್ಲಿ ಇದನ್ನು ಮರೆಯಬಾರದು.

ತಟ್ಟೆಗಿಂತ ಗಿಡ ಮೇಲು. ಹೇಗೆಂದರೆ, ಹಕ್ಕಿಗಳಲ್ಲಿ ಬಹು ಭಾಗ ಕಾಳನ್ನು ಮುಟ್ಟುವುದೇ ಇಲ್ಲ. ಸೂರಕ್ಕಿಗೆ ದಾಸವಾಳವೂ ಬಾಳೆಯ ಹೂವೂ ಬೇಕು. ನಮ್ಮ ಬಡಾವಣೆಗಳ ಬೀದಿಬದಿಯಲ್ಲಿ ಬೆಳೆದಿರುವ ಗಸಗಸೆ ಹಣ್ಣಿನ ಮರ ದೂರದ ಅಮೆರಿಕಾ ಖಂಡದಿಂದ ಬಂದುದಾದರೂ, ಅದರ ಕೆಂಪು ಹಣ್ಣಿಗಾಗಿ ಪಿಕಳಾರ, ಚೆಂಬುಕುಟಿಗ, ಬದನಿಕೆ ಹಕ್ಕಿ, ಕೋಗಿಲೆ ಎಲ್ಲವೂ ಬರುತ್ತವೆ. ಸಿಂಪಿಗ ಹಕ್ಕಿಗೂ ಮಡಿವಾಳ ಹಕ್ಕಿಗೂ ಹುಳುಗಳೇ ಆಹಾರ. ಕಾಳು ತಿನ್ನುವ ಗುಬ್ಬಚ್ಚಿ ಕೂಡ ತನ್ನ ಎಳೆಯ ಮರಿಗಳಿಗೆ ಹುಳುಗಳನ್ನೇ ತಿನ್ನಿಸುತ್ತದೆ. ಆದಕಾರಣ ಹೂಗಿಡಗಳಿಗೆ ವಿಷದ ಔಷಧಿಯನ್ನು ಸಿಂಪಡಿಸಿ, ಪಕ್ಕದಲ್ಲಿ ಕಾಳಿನ ತಟ್ಟೆಯನ್ನಿಟ್ಟರೆ ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಿತ್ತುಕೊಂಡಂತಾಗುವುದು.

೨. ಹೆಸರು ಹಿಡಿಯುವ ಬಗೆ

ನಮ್ಮ ಪ್ರಕೃತಿ ಪಾಠದ ತರಗತಿಯಲ್ಲಿ ಒಂದು ನಿಯಮವುಂಟು. ಹಕ್ಕಿಯನ್ನು ಕಂಡೊಡನೆ ಹೆಸರನ್ನು ಹೇಳಕೂಡದು. ಕಂಡುದನ್ನು ಮೊದಲು ಬರೆಯಬೇಕು. ಬರೆಯತಕ್ಕ ಅಂಶಗಳು ಆರು. ಗಾತ್ರವು ಗುಬ್ಬಚ್ಚಿಯಷ್ಟೋ, ಗೊರವಂಕದಷ್ಟೋ, ಕಾಗೆಯಷ್ಟೋ? ಕೊಕ್ಕು ಗಿಡ್ಡವಾಗಿ ದಪ್ಪವೋ, ಸಣ್ಣಗೆ ಚೂಪೋ, ಬಾಗಿದುದೋ? ಯಾವ ಬಣ್ಣ ದೇಹದ ಯಾವ ಭಾಗದಲ್ಲಿದೆ? ಬಾಲ ಎಂಥದು, ಅದನ್ನು ಹೇಗೆ ಹಿಡಿಯುತ್ತದೆ? ಏನು ಮಾಡುತ್ತಿತ್ತು? ದನಿ ಹೇಗಿತ್ತು? ಇದಿಷ್ಟೂ ಆದ ಮೇಲೆ ಪುಸ್ತಕವನ್ನು ತೆರೆಯಬಹುದು.

ಒಂದು ದೃಷ್ಟಾಂತ. ಬಂದ ಚಿತ್ರಗಳಲ್ಲಿ ಒಂದು ಪಿಕಳಾರವನ್ನು ಹಿಂದಿನಿಂದ ತೆಗೆದದ್ದು. ಬಾಲದ ಬುಡದ ಕೆಳಗೆ ಕೆಂಪು ಕಂಡಿತೆಂದು ಅದನ್ನು ತೆಗೆದವರು 'ಕೆಂಪು ಬುಡದ ಪಿಕಳಾರ' ಎಂದು ಬರೆದಿದ್ದಾರೆ. ತಪ್ಪು ಸಹಜವಾದುದೇ. ಆದರೆ ನಮ್ಮ ಹಿತ್ತಿಲುಗಳಿಗೆ ಬರುವ ಎರಡು ಪಿಕಳಾರಗಳಿಗೂ ಆ ಸ್ಥಳದಲ್ಲಿ ಕೆಂಪುಂಟು. ಕೆಮ್ಮೀಸೆ ಪಿಕಳಾರಕ್ಕೆ ಚೂಪಾದ ಕರಿಯ ಜುಟ್ಟು, ಬಿಳಿಯ ಕೆನ್ನೆ, ಕಣ್ಣಿನ ಹಿಂದೆ ಕುಂಕುಮವಿಟ್ಟಂತೆ ಒಂದು ಕೆಂಪು ಗುರುತು, ಹೊಟ್ಟೆಯ ಕಡೆ ಬಿಳುಪು. ಇನ್ನೊಂದಕ್ಕೆ ತಲೆಯೆಲ್ಲ ಕಪ್ಪು, ಜುಟ್ಟು ಮೋಟು, ಮೈಮೇಲೆ ಹುರುಪೆಯಂತಹ ಗೆರೆಗಳು, ಹಾರುವಾಗ ಬಾಲದ ಬುಡದ ಮೇಲ್ಗಡೆ ಎದ್ದು ಕಾಣುವ ಬಿಳುಪು. ಚಿತ್ರದಲ್ಲಿ ಈ ಬಿಳುಪು ಇಲ್ಲವಾದುದರಿಂದ ಅದು ಕೆಮ್ಮೀಸೆಯೇ. ಕೆಮ್ಮೀಸೆಯ ಎಳೆಯ ಮರಿಗೆ ಆ ಕೆಂಪು ಮೀಸೆ ಇರುವುದಿಲ್ಲವೆಂಬುದನ್ನೂ ಜ್ಞಾಪಕದಲ್ಲಿಡಬೇಕು.

ಹೆಚ್ಚು ತಪ್ಪುಗಳಾಗಿರುವುದು ಹೆಣ್ಣು ಹಕ್ಕಿಗಳ ವಿಷಯದಲ್ಲಿ. ಗಂಡು ಸೂರಕ್ಕಿಯ ಮಿಂಚುವ ಬಣ್ಣಕ್ಕೆ ಮರುಳಾಗಿ ನೂರು ಚಿತ್ರಗಳನ್ನು ತೆಗೆಯುವವರು ಪಕ್ಕದಲ್ಲೇ ಇದ್ದ ಹೆಣ್ಣನ್ನು 'ಯಾವುದೋ ಸಣ್ಣ ಹಕ್ಕಿ' ಎಂದು ಬಿಟ್ಟುಬಿಡುತ್ತಾರೆ. ಹೆಣ್ಣುಮಕ್ಕಳ ಶಾಲೆಯವರಾದ ನಾವು ಇದನ್ನು ಸುಮ್ಮನೆ ಬಿಡಲಾರೆವು. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಸೂರಕ್ಕಿಗಳು ಎರಡು: ಊದಾ ಪೃಷ್ಠದ ಸೂರಕ್ಕಿ ಮತ್ತು ಊದಾ ಸೂರಕ್ಕಿ. ಎರಡರ ಹೆಣ್ಣುಗಳಿಗೂ ಬೆನ್ನು ಮಾಸಲು, ಎದೆ ಹಳದಿ. ಬೇರ್ಪಡಿಸುವುದಕ್ಕೆ ಗಂಟಲನ್ನು ನೋಡಬೇಕು. ಮೊದಲನೆಯದರ ಹೆಣ್ಣಿಗೆ ಗಂಟಲು ಬೂದುಬಿಳುಪು. ಎರಡನೆಯದರ ಹೆಣ್ಣಿಗೆ ಗಂಟಲೂ ಹಳದಿಯೇ. ಹಳದಿ ಎದೆಯ ನಡುವೆ ಕಪ್ಪು ಪಟ್ಟೆಯೊಂದು ಇಳಿದಿದ್ದರೆ ಅದು ಹೆಣ್ಣಲ್ಲ; ಸಂತಾನಕಾಲ ಕಳೆದ ಮೇಲೆ ತನ್ನ ಹೊಳಪಿನ ಉಡುಪನ್ನು ಕಳಚಿದ ಗಂಡು ಊದಾ ಸೂರಕ್ಕಿ. ಎಲೆಯ ನಾರನ್ನೂ ಜೇಡರ ಬಲೆಯನ್ನೂ ತಂದು ತೂಗುವ ಚೀಲದಂತಹ ಗೂಡನ್ನು ಕಟ್ಟುವ ಕೆಲಸದಲ್ಲಿ ಬಹುಭಾಗ ಆ ಮಾಸಲು ಬಣ್ಣದ ಹೆಣ್ಣಿನದೇ.

ಹಾಗೆಯೇ ಕೋಗಿಲೆ. ಕರಿಯ ಗಂಡನ್ನು ಎಲ್ಲರೂ ಬಲ್ಲರು. ಕಂದು ಮೈಯ ಮೇಲೆ ಬಿಳಿಯ ಚುಕ್ಕೆಗಳಿರುವ ಹೆಣ್ಣನ್ನು ಬೇರೆ ಹಕ್ಕಿಯೆಂದೇ ತಿಳಿದವರು ಬಹಳ. ಬೆಳಗಿನ ಜಾವದಲ್ಲಿ ತಂತಿಯ ಮೇಲೆ ಕುಳಿತು ಇಂಪಾಗಿ ಹಾಡುವ ಮಡಿವಾಳ ಹಕ್ಕಿಯಲ್ಲಿ ಗಂಡು ಕಪ್ಪುಬಿಳುಪು. ಗಂಡಿಗೆ ಕಪ್ಪಿರುವ ಕಡೆ ಹೆಣ್ಣಿಗೆ ಬೂದುಬಣ್ಣ.

ಈಗ ಚಿತ್ರವನ್ನು ತೋರಿಸಿದೊಡನೆ ಹಕ್ಕಿಯ ಹೆಸರು ಹೇಳುವ ಉಪಕರಣಗಳು ಮೊಬೈಲ್ ಫೋನಿನಲ್ಲೇ ಬಂದಿವೆ. ಅಮೆರಿಕಾದ ಕಾರ್ನೆಲ್ ವಿಶ್ವವಿದ್ಯಾನಿಲಯದ ಪಕ್ಷಿ ಪ್ರಯೋಗಾಲಯದವರು ಸಿದ್ಧಪಡಿಸಿದ 'ಮರ್ಲಿನ್' ಇಂತಹುದೊಂದು. ಇದನ್ನು ನಾವು ಹಳಿಯುವುದಿಲ್ಲ. ತರಗತಿಯಲ್ಲಿ ಉಪಯೋಗಿಸುತ್ತಲೂ ಇದ್ದೇವೆ. ಆದರೆ ಪ್ರಶ್ನೆ ಮುಗಿಯುವ ಮೊದಲೇ ಕೈಯೆತ್ತುವ ಹುಡುಗಿಯ ಉತ್ತರವನ್ನು ಹೇಗೆ ಪರೀಕ್ಷಿಸಿ ಒಪ್ಪುತ್ತೇವೆಯೋ ಹಾಗೆ ಇದರ ಉತ್ತರವನ್ನೂ ನಮ್ಮ ಟಿಪ್ಪಣಿಯೊಡನೆ ಹೋಲಿಸಿ ಒಪ್ಪಬೇಕು. ಹೊಂದದಿದ್ದರೆ 'ಗೊತ್ತಾಗಲಿಲ್ಲ' ಎಂದು ಬರೆಯುವುದರಲ್ಲಿ ಅವಮಾನವೇನೂ ಇಲ್ಲ. ಸುಮಾರು ೧೯೦೮ರಲ್ಲಿ ಮುಂಬಯಿಯ ಒಬ್ಬ ಬಾಲಕನು ತಾನು ಹೊಡೆದ ಗುಬ್ಬಚ್ಚಿಯ ಗಂಟಲಲ್ಲಿ ಹಳದಿ ಮಚ್ಚೆಯನ್ನು ಕಂಡು, ಇದಾವ ಹಕ್ಕಿಯೆಂದು ತಿಳಿಯದೆ, ಅಲ್ಲಿಯ ನೈಸರ್ಗಿಕ ಇತಿಹಾಸ ಸಂಘಕ್ಕೆ ಕೇಳಲು ಹೋದನು. ಆತನೇ ಮುಂದೆ ೧೯೪೧ರಲ್ಲಿ ಭಾರತದ ಹಕ್ಕಿಗಳ ಪ್ರಸಿದ್ಧ ಕೈಪಿಡಿಯನ್ನು ಬರೆದ ಸಲೀಂ ಅಲಿಯವರು. ಗೊತ್ತಿಲ್ಲವೆಂದು ಒಪ್ಪಿಕೊಂಡುದರಿಂದ ಅವರ ವಿದ್ಯೆ ಆರಂಭವಾಯಿತು.

ಹೆಸರು ಸರಿಯಾಗಿರಬೇಕೆಂದು ನಾವು ಹಟ ಹಿಡಿಯುವುದಕ್ಕೆ ಇನ್ನೊಂದು ಕಾರಣವಿದೆ. ೨೦೨೦ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿಯು ಸುಮಾರು ೧೫,೫೦೦ ಮಂದಿ ವೀಕ್ಷಕರು ಬರೆದಿಟ್ಟ ಟಿಪ್ಪಣಿಗಳಿಂದಲೇ ಸಿದ್ಧವಾಯಿತು. ಅವರಲ್ಲಿ ಅನೇಕರು ನಮ್ಮ ನಿಮ್ಮಂತಹ ಸಾಮಾನ್ಯರು. ಗುಬ್ಬಚ್ಚಿ ದೇಶದ ಒಟ್ಟು ಲೆಕ್ಕದಲ್ಲಿ ಹೆಚ್ಚು ಕಡಿಮೆ ಮೊದಲಿನಂತೆಯೇ ಇದೆಯೆಂದೂ, ಬೆಂಗಳೂರೂ ಸೇರಿದಂತೆ ಆರು ಮಹಾನಗರಗಳಲ್ಲಿ ಕುಗ್ಗುತ್ತಿದೆಯೆಂದೂ ಅದರಿಂದ ತಿಳಿದುಬಂತು. ಪ್ರತಿ ವರ್ಷ ಫೆಬ್ರವರಿ ತಿಂಗಳಿನಲ್ಲಿ ನಾಲ್ಕು ದಿನ ನಡೆಯುವ ಹಿತ್ತಿಲ ಹಕ್ಕಿಗಳ ಮಹಾಗಣತಿಯು ೧೯೯೮ರಲ್ಲಿ ಅಮೆರಿಕಾದಲ್ಲಿ ಆರಂಭವಾದುದು. ೨೦೧೩ರಿಂದ ನಮ್ಮ ದೇಶದಲ್ಲೂ ನಡೆಯುತ್ತಿದೆ. ಒಂದೇ ಕಡೆ ಹದಿನೈದು ನಿಮಿಷ ನಿಂತು, ಕಂಡ ಹಕ್ಕಿಗಳನ್ನು ಎಣಿಸಿ ಬರೆದರೆ ಆಯಿತು. ತಪ್ಪು ಹೆಸರು ಬರೆದರೆ ಅಂತಹ ಲೆಕ್ಕಕ್ಕೆ ನಾವು ಸುಳ್ಳು ಸಾಕ್ಷಿ ಹೇಳಿದಂತಾಗುವುದು.

೩. ಚಿತ್ರ ತೆಗೆಯುವ ಬಗೆ

ಬೆಳಗ್ಗೆ ಏಳರಿಂದ ಒಂಬತ್ತು ಗಂಟೆಯವರೆಗಿನ ಬೆಳಕು ಉತ್ತಮ. ಸೂರ್ಯನು ನಿಮ್ಮ ಬೆನ್ನ ಹಿಂದಿರಲಿ. ತಟ್ಟೆಗೆ ಎರಡು ಮೂರು ಅಡಿ ದೂರದಲ್ಲಿ ಒಣಗಿದ ಕೊಂಬೆಯೊಂದನ್ನು ಕುಂಡದಲ್ಲಿ ನೆಟ್ಟರೆ, ಹಕ್ಕಿ ತಿನ್ನಲು ಇಳಿಯುವ ಮೊದಲು ಅದರ ಮೇಲೆ ಕುಳಿತು ಸುತ್ತ ನೋಡುವುದು ವಾಡಿಕೆ. ಚಿತ್ರಕ್ಕೆ ಅದೇ ಸಮಯ. ನೀವು ಕಿಟಕಿಯ ಪರದೆಯ ಹಿಂದೆ ಅಲುಗಾಡದೆ ಕೂರಬೇಕು. ಕೊಂಬೆಯ ಹಿಂದೆ ಗೋಡೆಯಾಗಲಿ ಬಟ್ಟೆ ಒಣಹಾಕಿದ ತಂತಿಯಾಗಲಿ ಇರದೆ, ದೂರದ ಹಸಿರಿದ್ದರೆ ಹಕ್ಕಿ ಸ್ಪಷ್ಟವಾಗಿ ಕಾಣುವುದು. ಚುರುಕಾದ ಸೂರಕ್ಕಿಗೆ ಕ್ಯಾಮೆರಾದ ಬಾಗಿಲು ಒಂದು ಸೆಕೆಂಡಿನ ೧,೦೦೦ದಲ್ಲೊಂದು ಪಾಲು ಮಾತ್ರ ತೆರೆದು ಮುಚ್ಚಬೇಕು. ಸುಮ್ಮನೆ ಕುಳಿತ ಬೆಳವಕ್ಕೆ ಅದರ ನಾಲ್ಕರಷ್ಟು ಕಾಲವಾದರೂ ನಡೆಯುತ್ತದೆ. ಕಣ್ಣು ಸ್ಫುಟವಾಗಿ ಮೂಡಿದರೆ ಉಳಿದುದು ಸ್ವಲ್ಪ ಮಸುಕಾಗಿದ್ದರೂ ಚಿಂತೆಯಿಲ್ಲ.

ಗುರುತಿಸುವುದಕ್ಕಾಗಿ ತೆಗೆಯುವ ಚಿತ್ರ ಒಂದೇ ಸಾಲದು. ಎದುರಿನಿಂದ ಒಂದು, ಪಕ್ಕದಿಂದ ಒಂದು, ಬೆನ್ನೂ ಬಾಲವೂ ಕಾಣುವಂತೆ ಒಂದು, ಹೀಗೆ ಮೂರಾದರೂ ಇರಲಿ. ನೆರಳಿನಲ್ಲಿ ತೆಗೆದ ಚಿತ್ರದಲ್ಲಿ ಊದಾ ಬಣ್ಣ ಬರಿಯ ಕಪ್ಪಾಗಿ ಕಾಣುವುದರಿಂದ ಚಿತ್ರದೊಡನೆ ಟಿಪ್ಪಣಿಯೂ ಬೇಕು.

ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (೧೯೩೨–೨೦೧೭) ಅವರು ವನ್ಯಜೀವಿಗಳ ಛಾಯಾಚಿತ್ರದಲ್ಲಿ ಲೋಕಪ್ರಸಿದ್ಧರಾದವರು. ಮೂಡಿಗೆರೆಯಲ್ಲಿ ನೆಲಸಿದ್ದ ಪೂರ್ಣಚಂದ್ರ ತೇಜಸ್ವಿ (೧೯೩೮–೨೦೦೭) ಅವರು ತಾವೇ ಹಕ್ಕಿಗಳ ಚಿತ್ರಗಳನ್ನು ತೆಗೆದು, ಕನ್ನಡದಲ್ಲಿ ಹಕ್ಕಿಗಳ ಪುಸ್ತಕಗಳನ್ನು ಬರೆದು, ಊರಿಗೆ ಹೋಗುವ ಮಕ್ಕಳ ಕೈಗೆ ಕೊಟ್ಟರು. ಇಂಥವರ ಕೆಲಸದ ಹಿಂದೆ ಎಷ್ಟು ಗಂಟೆಗಳ ಕಾಯುವಿಕೆ ಇತ್ತೆಂಬುದನ್ನು ಒಂದು ಬೆಳಿಗ್ಗೆ ಪರದೆಯ ಹಿಂದೆ ಕೂತವರು ಮಾತ್ರ ಬಲ್ಲರು.

ಮಾಡಬಾರದವು ಇಷ್ಟು: ಹಕ್ಕಿಯ ಧ್ವನಿಮುದ್ರಿಕೆಯನ್ನು ಹಾಕಿ ಅದನ್ನು ಕಾಡಬಾರದು, ತನ್ನ ಎಲ್ಲೆಯೊಳಗೆ ಶತ್ರು ಬಂದನೆಂದು ಅದು ಆಹಾರ ಬಿಟ್ಟು ಹೋರಾಡಲು ಬರುತ್ತದೆ. ಪಿಕಳಾರವೂ ಸೂರಕ್ಕಿಯೂ ಮೋಟಾರಿನ ಕನ್ನಡಿಯಲ್ಲಿ ತಮ್ಮ ಪ್ರತಿಬಿಂಬವನ್ನೇ ಕುಕ್ಕಿ ದಣಿಯುವುದನ್ನು ನೀವು ಕಂಡಿರಬಹುದು. ಆಗ ಚಿತ್ರ ತೆಗೆಯುವುದಕ್ಕೆ ಬದಲು ಕನ್ನಡಿಗೆ ಒಂದು ಬಟ್ಟೆಯನ್ನು ಹೊದಿಸಿರಿ. ಇನ್ನು ಗೂಡಿನ ವಿಷಯ.

೪. ನಮ್ಮ ತಪ್ಪು

ಕೆಲವು ವರ್ಷಗಳ ಹಿಂದೆ, ಮಾರ್ಚಿ ತಿಂಗಳಿನಲ್ಲಿ, ನಮ್ಮ ಆವರಣದ ಕ್ರೋಟನ್ ಗಿಡದಲ್ಲಿ ಕೆಮ್ಮೀಸೆ ಪಿಕಳಾರವೊಂದು ಗೂಡು ಕಟ್ಟಿತು. ಮೂರು ಮೊಟ್ಟೆಗಳು. ಹುಡುಗಿಯರು ದೂರದಿಂದ ನೋಡಿ ದಿನದಿನವೂ ಬರೆದಿಡುತ್ತಿದ್ದರು. ಹೆಚ್ಚು ಕಡಿಮೆ ಹನ್ನೆರಡು ದಿನಗಳಲ್ಲಿ ಮೂರೂ ಒಡೆದು ಮರಿಗಳಾದುವು. ಗೋಡೆ ಪತ್ರಿಕೆಗೆ ಒಂದು ಚಿತ್ರ ಬೇಕೆಂದು ಎಂಟನೆಯ ತರಗತಿಯವರು ಕೇಳಿದರು. ಎಲೆಗಳು ಅಡ್ಡವಿದ್ದುವು, ಒಳಗೆ ಬೆಳಕು ಸಾಲದು. ಎರಡು ರೆಂಬೆಗಳನ್ನು ಪಕ್ಕಕ್ಕೆ ಸರಿಸಿ ದಾರದಿಂದ ಕಟ್ಟಿದರೆ ಸರಿಯಾದೀತೆಂದು ನಾವು ಹೇಳಿದೆವು. ದಾರವನ್ನು ಕಟ್ಟಿದವರೂ ನಾವೇ, ಮಕ್ಕಳಲ್ಲ.

ಚಿತ್ರ ಬಹಳ ಚೆನ್ನಾಗಿ ಬಂತು. ಮೂರು ಬಾಯಿಗಳು ತೆರೆದಿದ್ದುವು. ತಾಯಿಯ ಕೊಕ್ಕಿನಲ್ಲಿ ಹಸುರು ಹುಳು. ಗಂಟೆ ಬಾರಿಸಿತು, ಪಾಠಕ್ಕೆ ಹೋದೆವು. ದಾರವನ್ನು ಬಿಚ್ಚಲು ಮರೆತೆವು.

ಮರುದಿನ ಬೆಳಿಗ್ಗೆ ಗೂಡು ಬರಿದಾಗಿತ್ತು. ಎಲೆಗಳ ಮರೆ ತಪ್ಪಿದ ಗೂಡನ್ನು ಕಾಗೆಗಳು ಕಂಡಿದ್ದುವೆಂದು ಕಾವಲುಗಾರನು ತಿಳಿಸಿದನು. ಪಿಕಳಾರಗಳಲ್ಲೊಂದು ತಂತಿಯ ಮೇಲೆ ಕೊಕ್ಕಿನಲ್ಲಿ ಹುಳುವನ್ನಿಟ್ಟುಕೊಂಡು ಕುಳಿತಿತ್ತು. ಮೊದಲನೆಯ ಗಂಟೆಯ ಪಾಠ ಮುಗಿದು ನಾವು ಬಂದು ನೋಡಿದಾಗಲೂ ಅದು ಅಲ್ಲಿಯೇ ಇತ್ತು, ಹುಳುವನ್ನು ತಿಂದಿರಲಿಲ್ಲ.

ಹುಡುಗಿಯರು ನಮ್ಮನ್ನು ಏನೂ ಅನ್ನಲಿಲ್ಲ. ದಿನಚರಿಯನ್ನು ಬರೆಯುತ್ತಿದ್ದವಳು ಮಾತ್ರ ಆ ದಿನದ ಪುಟದಲ್ಲಿ ಏನು ಬರೆಯಬೇಕೆಂದು ಕೇಳಿದಳು. ಕಂಡುದನ್ನು ಬರೆಯಬೇಕೆಂಬುದು ನಮ್ಮದೇ ನಿಯಮವಷ್ಟೆ. ಬರೆಯೆಂದೆವು. 'ರೆಂಬೆ ಕಟ್ಟಿದ್ದರಿಂದ ಗೂಡು ಹೊರಗೆ ಕಂಡಿತು. ಕಾಗೆ ಮೂರು ಮರಿಗಳನ್ನೂ ಒಯ್ದಿತು' ಎಂದು ಅವಳು ಬರೆದಳು. ಕಟ್ಟಿದವರು ಯಾರೆಂದು ಅವಳು ಬರೆದಿರಲಿಲ್ಲ. ಅದನ್ನು ನಾವು ನಮ್ಮ ಕೈಯಿಂದಲೇ ಸೇರಿಸಿ ಸಹಿ ಹಾಕಿದೆವು. ಆ ಚಿತ್ರ ಗೋಡೆ ಪತ್ರಿಕೆಯಲ್ಲಿ ಬರಲಿಲ್ಲ. ದಿನಚರಿಯ ಅದೇ ಪುಟದಲ್ಲಿ ಅಂಟಿಸಿದೆ. ಪ್ರತಿ ವರ್ಷ ಹೊಸ ತರಗತಿಗೆ ಅದನ್ನು ತೋರಿಸಿಯೇ ಈ ಪಾಠವನ್ನು ಆರಂಭಿಸುತ್ತೇವೆ.

೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ 'ಬೇಟೆ' ಎಂಬ ಪದದ ಅರ್ಥವನ್ನು ವಿವರಿಸುವಾಗ, ಕಾಡುಹಕ್ಕಿಯ ಮೊಟ್ಟೆಯನ್ನು ಕೆಡಿಸುವುದನ್ನೂ, ಮೊಟ್ಟೆಗೆ ಅಥವಾ ಗೂಡಿಗೆ ತೊಂದರೆ ಕೊಡುವುದನ್ನೂ ಅದರಲ್ಲೇ ಸೇರಿಸಿದ್ದಾರೆ. ಆ ಘಟನೆಯಾದ ಮೇಲೆ ನಾವು ಇದನ್ನು ಓದಿದೆವು. ಕೋವಿಯನ್ನು ಜನ್ಮದಲ್ಲಿ ಮುಟ್ಟದ ನಾವು, ಒಂದು ಗೇಣು ದಾರದಿಂದ ಮಾಡಿದ ಕೆಲಸಕ್ಕೆ ಕಾಯಿದೆಯ ಭಾಷೆಯಲ್ಲಿ ಹೆಸರು ಬೇರೆಯಿತ್ತು. ಅದೇ ಕಾಯಿದೆಯ ಪ್ರಕಾರ ನಮ್ಮ ದೇಶದ ಗಿಳಿಯನ್ನಾಗಲಿ ರಾಟವಾಳವನ್ನಾಗಲಿ ಪಂಜರದಲ್ಲಿಟ್ಟು ಸಾಕುವುದೂ ಅಪರಾಧವೆಂಬುದನ್ನು ಪೋಷಕರು ತಿಳಿದಿರಬೇಕು.

ಇದೀಗ ಗೂಡಿನ ಚಿತ್ರಗಳನ್ನು ಅಚ್ಚು ಹಾಕಿಸದೆ ಇದ್ದುದರ ಕಾರಣ. ಕಳುಹಿಸಿದವರು ಎಚ್ಚರದಿಂದಲೇ ತೆಗೆದಿರಬಹುದು. ಅವರನ್ನು ನಾವು ದೂರುವುದಿಲ್ಲ. ಆದರೆ ಅಂತಹ ಚಿತ್ರವನ್ನು ಈ ಪುಟಗಳಲ್ಲಿ ನೋಡಿದ ಹುಡುಗಿ ತಾನೂ ಒಂದು ತೆಗೆಯಬೇಕೆಂದು ಗಿಡದ ರೆಂಬೆಗೆ ಕೈ ಹಾಕುವಳು. ನಾವು ಹಾಗೆಯೇ ಹಾಕಿದೆವು. ತಟ್ಟೆಗೆ ಬಂದ ಹಕ್ಕಿ ತನ್ನ ಇಚ್ಛೆಯಿಂದ ಬಂದುದು, ಬೇಡವೆನಿಸಿದರೆ ಹಾರಿಹೋಗಬಲ್ಲುದು. ಗೂಡಿನ ಮರಿಗೆ ಆ ಸ್ವಾತಂತ್ರ್ಯವಿಲ್ಲ.

ಆದುದರಿಂದ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ತಾಯಿತಂದೆಯರಲ್ಲಿಯೂ ನಮ್ಮ ಬಿನ್ನಹವಿಷ್ಟೆ. ಗೂಡು ಕಂಡರೆ ದೂರ ಸರಿಯಿರಿ. ಮಕ್ಕಳನ್ನೂ ಮೆಲ್ಲನೆ ಕರೆದುಕೊಂಡು ಬನ್ನಿರಿ. ಮರಿಗಳು ಹಾರಿಹೋಗುವುದಕ್ಕೆ ಬಹಳ ಕಾಲ ಬೇಡ. ಪಿಕಳಾರಕ್ಕೆ ಮತ್ತೆ ಹನ್ನೆರಡು ದಿನಗಳ ಆಚೀಚೆ ಸಾಕು. ಅಷ್ಟು ದಿನ ಆ ಮೂಲೆಗೆ ಹೋಗದೆ ಇದ್ದರೆ, ಮೀಸೆ ಮೂಡದ ಎಳೆಯ ಪಿಕಳಾರಗಳು ತಾವಾಗಿ ನಿಮ್ಮ ನೀರಿನ ತಟ್ಟೆಗೆ ಬರುವುವು. ಆಗ ತೆಗೆದ ಚಿತ್ರವನ್ನು, ಸರಿಯಾದ ಹೆಸರಿನೊಡನೆ, ಮುಂದಿನ ಸಂಚಿಕೆಗೆ ಕಳುಹಿಸಿಕೊಡಿರಿ. ಸಂತೋಷದಿಂದ ಅಚ್ಚು ಹಾಕಿಸುವೆವು.

ಅಭ್ಯಾಸ

೧. ನಿಮ್ಮ ಮನೆಯ ಬಳಿ ಹದಿನೈದು ನಿಮಿಷ ನಿಂತು, ಕಂಡ ಹಕ್ಕಿಗಳನ್ನು ಎಣಿಸಿ ಬರೆಯಿರಿ. ಹೆಸರು ತಿಳಿಯದವುಗಳ ಆರು ಅಂಶಗಳನ್ನು ಬರೆಯಿರಿ.
೨. ಎರಡು ಪಿಕಳಾರಗಳಿಗಿರುವ ಭೇದಗಳಲ್ಲಿ, ಹಕ್ಕಿ ಬೆನ್ನು ತಿರುಗಿಸಿದಾಗಲೂ ಕಾಣುವ ಭೇದ ಯಾವುದು?
೩. ಹೆಣ್ಣು ಸೂರಕ್ಕಿಯ ಗಂಟಲಿನ ಬಣ್ಣವನ್ನು ನೋಡಿ, ಎರಡರಲ್ಲಿ ಯಾವುದೆಂದು ನಿರ್ಣಯಿಸಿರಿ.
೪. ನಿಮ್ಮ ತಾಯಿಯವರನ್ನೂ ಅಜ್ಜಿಯವರನ್ನೂ ಕೇಳಿ, ಅವರ ಊರಿನಲ್ಲಿ ಈ ಹಕ್ಕಿಗಳಿಗಿದ್ದ ಹೆಸರುಗಳನ್ನು ಸಂಗ್ರಹಿಸಿರಿ.

— ಮುಖ್ಯೋಪಾಧ್ಯಾಯಿನಿ